ಜರ್ಮನಿಯಲ್ಲಿ ಅದೇ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಲೋಹ ಕಡಿಯುವ ಮಷೀನ್) ನಡೆಸುವವರಿಗೆ ನಮ್ಮ ಹಲವು ಪಟ್ಟು ಸಂಬಳ. ಅವರಿಗೆ ಕೌಶಲ ಹೆಚ್ಚೇ? ಸಾಲ ಮಾಡಿ ಫೈವ್ ಆಕ್ಸಿಸ್ (ಐದು ಅಕ್ಷಗಳಲ್ಲಿ ಚಲಿಸುವ ಸಿಎನ್‌ಸಿ) ಕೋರ್ಸ್ ಸೇರಲೇ?

ನಾನೂ ಪೀಣ್ಯದಲ್ಲಿ ಲೇತ್ ಮುಂದೆ ನಿಂತು ಇದನ್ನೇ ಯೋಚಿಸುತ್ತಿದ್ದೆ. ಅವರ ಹತ್ತಿರ ಒಳ್ಳೆ ಮಷೀನಿದೆ, ನಮ್ಮ ಹತ್ತಿರ ಇಲ್ಲ ಅಂದುಕೊಂಡಿದ್ದೆ. ಆಮೇಲೆ ನಮ್ಮ ಮಾಲೀಕರು ಅವರಲ್ಲಿರುವಂಥದ್ದೇ ಸಿಎನ್‌ಸಿ ತರಿಸಿದರು. ಮೊದಲ ಎಕ್ಸ್‌ಪೋರ್ಟ್ ಆರ್ಡರ್ ನನ್ನ ಕೈಗೆ ಬಂತು: 200 ಮಿ.ಮೀ. ಹೊರವ್ಯಾಸದ ಅಲ್ಯುಮಿನಿಯಂ ಫ್ಲ್ಯಾಂಜ್ (ಜೋಡಣೆಗೆ ಬಳಸುವ ದುಂಡು ಬಿಲ್ಲೆ), 46 ಮೈಕ್ರಾನ್ ಟಾಲರೆನ್ಸ್. ಅಂದರೆ ಅಳತೆ ಹೆಚ್ಚುಕಡಿಮೆಯಾಗಲು ಬಿಟ್ಟ ಒಟ್ಟು ಜಾಗ ಅಷ್ಟೇ; ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ.

ಏಪ್ರಿಲ್ ತಿಂಗಳು, ಶೆಡ್ಡಿನೊಳಗೆ 35 ಡಿಗ್ರಿ. ಮೈಕ್ರೋಮೀಟರ್ ಹಿಡಿದರೆ ಅಳತೆ ಟಾಲರೆನ್ಸಿನ ನಟ್ಟನಡುವೆ. ಎಚ್‌ಎಂಟಿಯಲ್ಲಿ ಅಪ್ರೆಂಟಿಸ್ ಆಗಿದ್ದ ನಮ್ಮ ಫೋರ್‌ಮನ್ "ಅಲ್ಯುಮಿನಿಯಂ ಕಣಪ್ಪಾ, ಬಿಸಿ ಲೆಕ್ಕ ಹಾಕು" ಅಂದರು. ಹೊಸ ಮಷೀನಿನ ಮೇಲಿನ ನಂಬಿಕೆಯಲ್ಲಿ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಡ್ರಾಯಿಂಗಿನ ಅಳತೆ 20 ಡಿಗ್ರಿಯದ್ದು, ಎಲ್ಲ ದೇಶಕ್ಕೂ ಅದೇ ನಿಯಮ. ಅಲ್ಯುಮಿನಿಯಂ ಮೀಟರಿಗೆ, ಡಿಗ್ರಿಗೆ ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ, 200 ಮಿ.ಮೀ.ಗೆ 15 ಡಿಗ್ರಿ ಅಂದರೆ 69. ಮೈಕ್ರೋಮೀಟರಿನ ಉಕ್ಕೂ ಹಿಗ್ಗುತ್ತದೆ, ಆದರೆ ಅದರ ಅರ್ಧದಷ್ಟೇ. ಉಳಿದ ಸುಮಾರು 34 ಮೈಕ್ರಾನ್ ನನಗೆ ಕಾಣಲೇ ಇಲ್ಲ. ನಡುವಿನಿಂದ ಅಂಚಿಗೆ ಇದ್ದದ್ದು 23 ಮಾತ್ರ. ಆರ್ಡರ್ ಕೊಟ್ಟವರು ತಣ್ಣನೆ ಕೋಣೆಯಲ್ಲಿಟ್ಟು ಅಳೆದರೆ ಇಡೀ ಲಾಟ್ ಅಂಡರ್‌ಸೈಜ್. ಜಾಸ್ತಿ ಇದ್ದಿದ್ದರೆ ಇನ್ನೊಂದು ಕಟ್ ಹಾಕಬಹುದಿತ್ತು, ಕಡಿಮೆಯಾಗಿದ್ದಕ್ಕೆ ಸ್ಕ್ರ್ಯಾಪೇ ಗತಿ. ಆರ್ಡರ್ ಹೋಯಿತು, ನನ್ನ ಕೆಲಸವೂ ಹೋಯಿತು.

ಹಾಗಾಗಿ ಅವರಿಗೆ ಕೌಶಲ ಹೆಚ್ಚು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಗೊತ್ತಿದ್ದವರು ನಮ್ಮ ಶೆಡ್ಡಿನಲ್ಲೇ ಇದ್ದರು, ಅವರ ಮಾತು ನಡೆಸಿಕೊಡುವ ವ್ಯವಸ್ಥೆ ಇರಲಿಲ್ಲ. ಜರ್ಮನಿಯಲ್ಲಿ ಈ ಕೆಲಸಕ್ಕೆ ಬರುವ ಹುಡುಗರು ಮೂರೂವರೆ ವರ್ಷ ಕಾರ್ಖಾನೆಯಲ್ಲಿ ಸಂಬಳ ಪಡೆಯುತ್ತಲೇ ಕಲಿಯುತ್ತಾರೆ, ಜೊತೆಗೆ ವೃತ್ತಿಶಾಲೆಗೂ ಹೋಗುತ್ತಾರೆ. ಬಿಸಿ ಲೆಕ್ಕವನ್ನು ಯಾರೂ ಅವರಿಗೆ ಕೂಗಿ ಹೇಳಬೇಕಿಲ್ಲ. ನನ್ನ ಪಕ್ಕದ ಮಷೀನಿನ ಹುಡುಗ ಸ್ಟುಟ್‌ಗಾರ್ಟ್ ಕಡೆ ಹೋದ ಮೊದಲ ತಿಂಗಳೇ ಇಲ್ಲಿನ ಹಲವು ಪಟ್ಟು ದುಡಿದ. ಅಷ್ಟರಲ್ಲಿ ಅವನ ಕೈ ಅಷ್ಟು ಪಟ್ಟು ಪಳಗಿತೇ?

ಸಾಲ ಮಾಡಿ ಫೈವ್ ಆಕ್ಸಿಸ್ ಖಂಡಿತ ಬೇಡ. ಮಷೀನ್ ನಡೆಸುವುದನ್ನು ಶಾಪಿನಲ್ಲೇ ಕಲಿಯಬಹುದು. ನೀವು ಅಳತೆ ಕಲಿಯಿರಿ. ಡ್ರಾಯಿಂಗ್ ಸರಿಯಾಗಿ ಓದುವುದು, ಸಿಎಂಎಂ (ಭಾಗಗಳನ್ನು ಅಳೆಯುವ ಮಷೀನ್) ನಡೆಸುವುದು ಕಲಿಯಿರಿ. ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿಯಲ್ಲಿ ವಿಚಾರಿಸಿ ನೋಡಿ. ಮುಂದಿನ ಇಂಟರ್‌ವ್ಯೂನಲ್ಲಿ ಮೈಕ್ರೋಮೀಟರಿನ ಕ್ಯಾಲಿಬ್ರೇಶನ್ (ಸರಿಯಾಗಿ ಅಳೆಯುತ್ತದೆಯೇ ಎಂಬ ಪರೀಕ್ಷೆ) ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ. ತೋರಿಸದ ಕಡೆ ಎರಡು ಸಾವಿರ ಜಾಸ್ತಿ ಕೊಟ್ಟರೂ ಸೇರಬೇಡಿ.