ಲೂವ್ರ್ ಮ್ಯೂಸಿಯಂ ಪೂರ್ತಿ ನೋಡಲು ಮೂರು ತಾಸು ಸಾಕಾ?

ಬೀದರ್‌ನಿಂದ ಗಂಡ-ಹೆಂಡತಿ ಪ್ಯಾರಿಸ್‌ಗೆ ಹೊರಟಿದ್ದೀರಿ, ಜರ್ಮನಿಯಲ್ಲಿ ಓದುವ ಮಗ ಜೊತೆಗಿರುತ್ತಾನೆ, ಮಂಗಳವಾರ ಮೂರು ತಾಸು ಬಿಡುವು. ಸರಿ. ಆದರೆ ಮಂಗಳವಾರ ಲೂವ್ರ್‌ಗೆ ರಜೆ. ಇನ್ನು ‘ಪೂರ್ತಿ’ ಅನ್ನುವ ಮಾತನ್ನೇ ಬಿಡ್ರಿ. ಅಲ್ಲಿ ನೋಡಲು ಇಟ್ಟಿರುವುದು ಸುಮಾರು 35,000 ವಸ್ತು. ಒಂದೊಂದಕ್ಕೆ ಹತ್ತೇ ಸೆಕೆಂಡ್ ಅಂದರೂ ನಾಲ್ಕು ಹಗಲು, ನಾಲ್ಕು ರಾತ್ರಿ ನಿಂತೇ ಇರಬೇಕು.

ಎರಡು ವರ್ಷದ ಹಿಂದೆ ಕಲಬುರಗಿಯಿಂದ ಹೋದಾಗ ನಾನೂ ಇದೇ ಲೆಕ್ಕ ಹಾಕಿದ್ದೆ. ಬೆಳಗ್ಗೆ 9ರ ಟಿಕೆಟ್. ಗಾಜಿನ ಪಿರಮಿಡ್ಡಿನ ಕೆಳಗಿನ ಹಾಲ್‌ಗೆ ಇಳಿದವನೇ ಮಂದಿಯ ಬೆನ್ನು ಹಿಡಿದು ಡೆನೊನ್ ವಿಭಾಗಕ್ಕೆ, ಮೋನಾ ಲಿಸಾ ಕಡೆಗೆ. 77×53 ಸೆಂಟಿಮೀಟರಿನ ಚಿತ್ರ, ಅದರ ಮುಂದೆ ಗಾಜು, ಗಾಜಿನ ಮುಂದೆ ಸಾಲು. ಎದುರು ಗೋಡೆಯಲ್ಲಿ ವೆರೊನೇಸೆ ಬರೆದ ಮದುವೆ ಊಟದ ಚಿತ್ರ ಸುಮಾರು 10 ಮೀಟರ್ ಅಗಲ ಇದೆ. ಅದಕ್ಕೆ ಎಲ್ಲರ ಬೆನ್ನು, ನನ್ನದೂ ಸೇರಿ. ಇಟಲಿಯ ಚಿತ್ರಗಳಲ್ಲೇ ಹನ್ನೆರಡು ಗಂಟೆ ಆಯಿತು.

ತಪ್ಪು ಮಾಡಿದ್ದು ಆಮೇಲೆ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಗ್ಯಾಲರಿಯೊಳಗೆ ತಿನ್ನುವಂತಿಲ್ಲ. ಹೊರಗೆ ತ್ವಿಲೆರಿ ತೋಟದಲ್ಲಿ ಕೂತು ತಿಂದು ಬರೋಣ, ಟಿಕೆಟ್ ಇವತ್ತಿನದೇ ಇದೆಯಲ್ಲ ಅಂದುಕೊಂಡು ‘ಸೊರ್ತಿ’ ಬೋರ್ಡು ಹಿಡಿದು ಹೊರಬಿದ್ದೆವು. ಸೊರ್ತಿ ಅಂದರೆ ಹೊರದಾರಿ. ಆ ಟಿಕೆಟ್ಟು ಒಂದೇ ಪ್ರವೇಶದ್ದು. ಒಳಗೆ ಹೋಗುವಾಗ ಕೋಡ್ ಓದಿಸಿದ ಕೂಡಲೇ ಬಳಕೆ ಆಯಿತು ಅಂತ ದಾಖಲಾಗುತ್ತದೆ. ಹೊರಗೆ ಹೋಗುವಾಗ ಯಾರೂ ತಡೆಯುವುದಿಲ್ಲ, ಕೈಗೆ ಮುದ್ರೆಯೂ ಹಾಕುವುದಿಲ್ಲ. ಹಾಗಾಗಿ ತಪ್ಪಾಗಿದ್ದು ಗೊತ್ತಾಗುವುದೇ ತಿರುಗಿ ಬಂದು ಬಾಗಿಲಲ್ಲಿ ನಿಂತಾಗ. ಹೊಸ ಟಿಕೆಟ್ ತಗೊಳ್ಳೋಣ ಅಂದರೆ ಆ ದಿನದ ಹೊತ್ತುಗಳೆಲ್ಲ ಭರ್ತಿ. ನಿಯಮ ಟಿಕೆಟ್‌ನಲ್ಲೇ ಇತ್ತು, ಓದದವನು ನಾನು. ಮೂವತ್ತು ವರ್ಷ ಮಕ್ಕಳಿಗೆ ಬ್ಯಾಬಿಲೋನಿನ ರಾಜ ಹಮ್ಮುರಾಬಿಯ ಪಾಠ ಮಾಡಿದವನು ಹಮ್ಮುರಾಬಿಯ ಕಲ್ಲು ನೋಡದೆ ಬಂದೆ. ಅದಿದ್ದದ್ದು ಎದುರು ವಿಭಾಗದಲ್ಲಿ!

ಹಾಗಾಗಿ ಮಂದಿ ಹೋಗುವ ದಿಕ್ಕಿಗೆ ಉಲ್ಟಾ ಹೋಗ್ರಿ. ಬುಧವಾರ ಇಲ್ಲವೇ ಶುಕ್ರವಾರ ಆರಿಸಿಕೊಳ್ಳಿ. ಉಳಿದ ದಿನ ಸಂಜೆ 6ಕ್ಕೆ ಮುಚ್ಚಿದರೆ ಈ ಎರಡು ದಿನ ರಾತ್ರಿ 9ರವರೆಗೆ ತೆರೆದಿರುತ್ತದೆ. ಮುಚ್ಚುವ ಅರ್ಧ ತಾಸು ಮೊದಲೇ ಕೋಣೆ ಖಾಲಿ ಮಾಡಿಸುತ್ತಾರೆ, ಅದನ್ನು ಕಳೆದು ಲೆಕ್ಕ ಹಾಕ್ರಿ. ನಡು ಮಧ್ಯಾಹ್ನ ಹೊಟ್ಟೆ ತುಂಬ ಉಂಡು 4ರ ಹೊತ್ತಿಗೆ ಒಳಗೆ ಹೋಗುವುದು ಲೇಸು.

ಹಾಲ್‌ನಿಂದ ಮೊದಲು ರಿಶಲ್ಯೂ ವಿಭಾಗ, ನೆಲಮಹಡಿ. 229ನೇ ಕೋಣೆಯಲ್ಲಿ ಈಗಿನ ಇರಾಕಿನ ಖೊರ್ಸಾಬಾದ್ ಅರಮನೆಯ ರೆಕ್ಕೆಯ ಹೋರಿಗಳಿವೆ, ಮನುಷ್ಯನ ಮುಖ, 4 ಮೀಟರಿಗೂ ಎತ್ತರ. ಕಾಲು ಎಣಿಸ್ರಿ, ಐದು. ಎದುರಿಂದ ನೋಡಿದರೆ ನಿಂತಂತೆ, ಪಕ್ಕದಿಂದ ನೋಡಿದರೆ ನಡೆದಂತೆ ಕಾಣಲಿ ಅಂತ ಶಿಲ್ಪಿ ಒಂದು ಕಾಲು ಹೆಚ್ಚಿಗೆ ಕಡೆದಿದ್ದಾನೆ. ಅಲ್ಲೇ ಹತ್ತಿರ 227ರಲ್ಲಿ ಹಮ್ಮುರಾಬಿಯ ಕಲ್ಲು: 2.25 ಮೀಟರ್ ಎತ್ತರದ ಕರಿಕಲ್ಲು, ಮೇಲೆ ದೇವರ ಮುಂದೆ ನಿಂತ ರಾಜ, ಕೆಳಗೆ ಸುತ್ತಲೂ ಸಣ್ಣ ಅಕ್ಷರದಲ್ಲಿ ಕಾನೂನು.

ಆಮೇಲೆ ಸುಲ್ಲಿ ವಿಭಾಗದ ತಳಮಹಡಿ. ಲೂವ್ರ್ ಅರಮನೆ ಆಗುವ ಮೊದಲು ಕೋಟೆ ಆಗಿತ್ತು. 1190ರ ಸುಮಾರಿಗೆ ರಾಜ ಫಿಲಿಪ್ ಆಗಸ್ಟ್ ಕಟ್ಟಿಸಿದ ಆ ಕೋಟೆಯ ಬುಡ, ಕಂದಕ ಇಲ್ಲಿ ಕಾಣುತ್ತವೆ. ನೀವು ಬೀದರಿನವರು, ಬಂಡೆ ಕಡಿದು ಮಾಡಿದ ಮೂರು ಸಾಲು ಕಂದಕದ ಕೋಟೆಯ ಊರಿನವರು, ಇದೇನು ಮಹಾ ಅನಿಸಬಹುದು. ಆದರೂ ಕಂದಕದೊಳಗೇ ನಡೆದು ಗೋಡೆಯನ್ನು ಕೆಳಗಿನಿಂದ ನೋಡುವ ಸುಖ ಬೇರೆ. ಅಲ್ಲಿಂದ ಮೇಲೆ ಬಂದು ಕೈಯಿಲ್ಲದ ವೀನಸ್ ದೇವತೆಯ ಶಿಲ್ಪ, ಮೆಟ್ಟಿಲ ತುದಿಯಲ್ಲಿ ತಲೆಯಿಲ್ಲದ ರೆಕ್ಕೆಯ ದೇವತೆ. ಕಾಲಲ್ಲಿ ಕಸುವು ಉಳಿದಿದ್ದರೆ ಕೊನೆಗೆ 711ನೇ ಕೋಣೆಯ ಮೋನಾ ಲಿಸಾ. ಉಳಿಯದಿದ್ದರೆ ಬಿಡ್ರಿ, ಫೋಟೋದಲ್ಲಿ ನೋಡಿದ್ದೇ ಸ್ಪಷ್ಟ.

ಒಂದು ವಿಭಾಗದಿಂದ ಇನ್ನೊಂದಕ್ಕೆ ಹೋಗುವಾಗ ‘ಸೊರ್ತಿ’ ಕಡೆ ಹೊರಳಬೇಡ್ರಿ. ಹಸಿವಾದರೆ ಒಳಗೇ ಕೆಫೆಗಳಿವೆ. ತುಟ್ಟಿ, ಆದರೆ ಹೊಸ ಟಿಕೆಟ್‌ಗಿಂತ ಸೋವಿ.

ಟಿಕೆಟ್ಟನ್ನು ಮ್ಯೂಸಿಯಮ್ಮಿನ ಸ್ವಂತ ವೆಬ್‌ಸೈಟಿನಲ್ಲೇ ಹೊತ್ತು ಗೊತ್ತುಮಾಡಿ ತಗೊಳ್ಳಿ. 2026ರ ಜನವರಿಯಿಂದ ನಮ್ಮಂಥ ಹೊರಗಿನವರಿಗೆ ತಲೆಗೆ 32 ಯೂರೋ, ಮೊದಲು 22 ಇತ್ತು. ನಿಮ್ಮ ಮಗ 26 ತುಂಬದವನಾಗಿದ್ದು ಜರ್ಮನಿಯ ವಾಸದ ಪರವಾನಗಿ ತೋರಿಸಿದರೆ ಪುಕ್ಕಟೆ, ಆದರೆ ಅವನಿಗೂ ಹೊತ್ತು ಕಾಯ್ದಿರಿಸಲೇಬೇಕು. ಗೈಡ್ ಬೇಡ, ಅವರೂ ಮೊದಲು ಮೋನಾ ಲಿಸಾ ಕಡೆಗೇ ಎಳೆಯುತ್ತಾರೆ. 55×35×20 ಸೆಂಟಿಮೀಟರಿಗಿಂತ ದೊಡ್ಡ ಚೀಲ ಒಳಗೆ ಬಿಡುವುದಿಲ್ಲ, ಸೂಟ್‌ಕೇಸ್ ಹೋಟೆಲಿನಲ್ಲೇ ಇಡ್ರಿ. ಮೆಟ್ರೋದಲ್ಲಿ ‘ಲೂವ್ರ್–ರಿವೊಲಿ’ ಅನ್ನುವ ಹೆಸರು ನೋಡಿ ಮೋಸ ಹೋಗಬೇಡ್ರಿ. ಒಂದನೇ ಲೈನಿನಲ್ಲಿ ಅದರ ಪಕ್ಕದ ‘ಪಾಲೆ ರೊಯಾಲ್’ ನಿಲ್ದಾಣವೇ ಬಾಗಿಲಿಗೆ ಹತ್ತಿರ, ಅಲ್ಲಿಂದ ನೆಲದಡಿಯಲ್ಲೇ ಬಾಗಿಲ ತನಕ ದಾರಿ ಇದೆ.