3,000 ರೂಪಾಯಿ ಒಳಗೆ ಮಗಳಿಗೆ ಮಾಡೆಲ್ ರೈಲು ಬೇಕು, ಯಾವುದು ತಗೊಳ್ಳಲಿ?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು ಸರ್. ಸಿಂಧನೂರಿಗೆ ರೈಲು ಬಂದಿದ್ದೇ 2024ರಲ್ಲಿ. ಅವತ್ತಿನಿಂದ ನಿಮ್ಮ ಒಂಬತ್ತು ವರ್ಷದ ಮಗಳಿಗೆ ರೈಲಿನದ್ದೇ ಧ್ಯಾನ ಅಂತ ಬರೆದಿದ್ದೀರಿ. 3,000 ರೂಪಾಯಿ ಒಳಗೆ, ಮಾಮೂಲಿ ಅಂಗಡಿಯಲ್ಲೋ ಆನ್‌ಲೈನ್‌ನಲ್ಲೋ ಸಿಗುವಂಥದ್ದು ಬೇಕು, ನಾಲ್ಕು ದಿನಕ್ಕೆ ಮೂಲೆ ಸೇರಬಾರದು ಅಂತ ಕೇಳಿದ್ದೀರಿ. ಅಂಥದ್ದು ಸಿಗುತ್ತೆ. ಆದರೆ ಇಂಜಿನ್ ನೋಡಿ ತಗೋಬೇಡಿ, ಹಳಿ ನೋಡಿ ತಗೊಳ್ಳಿ.

ನಾನು ಬಳ್ಳಾರಿಯವಳು. ನಮ್ಮಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದರು. ಬಿಸಿಲು, ಮಳೆ ಎನ್ನದೆ ಹಳಿ ಮೇಲೆ ನಡೆದು ನಡೆದೇ ನೌಕರಿ ಮುಗಿಸಿದರು. ಎರಡು ಹಳಿಗಳ ನಡುವಿನ ಅಗಲ ಸರಿಯಿದೆಯಾ ಅಂತ ನೋಡೋದಕ್ಕೆ ಗ್ಯಾಂಗಿನವರ ಹತ್ತಿರ ಒಂದು ಉದ್ದನೆಯ ಅಳತೆ ಪಟ್ಟಿ ಇರುತ್ತಿತ್ತು. ಚಿಕ್ಕವಳಿದ್ದಾಗ ಅದೇನು ಅಂತ ಕೇಳಿದ್ದೆ. ‘ಇದು ತಪ್ಪಿದರೆ ಎಂಥ ಗಾಡಿ ಇದ್ದರೂ ಅಷ್ಟೇ’ ಅಂದಿದ್ದರು. ಆ ಮಾತು ಆಟದ ರೈಲಿಗೂ ಹೊಂದುತ್ತೆ ಅಂತ ಗೊತ್ತಾಗಿದ್ದು ನನ್ನ ಮಗನಿಗೆ ರೈಲು ಕೊಡಿಸಿದ ಮೇಲೆ.

ಆಗ ಅವನಿಗೆ ಎಂಟು ವರ್ಷ. ಆನ್‌ಲೈನ್‌ನಲ್ಲಿ ಒಂದು ಸೆಟ್ ಕಂಡಿತು. ಹೊಗೆ ಬಿಡುವ ಇಂಜಿನ್, ಲೈಟು, ಶಬ್ದ. ಜೊತೆಗೆ ‘ಎಚ್‌ಒ ಸ್ಕೇಲ್’ ಅಂತಲೂ ಬರೆದಿದ್ದರು, ಅದು ಮಾಡೆಲ್ ರೈಲಿನ ಒಂದು ಅಳತೆಯ ಹೆಸರು. ಚಿತ್ರ ನೋಡಿ ಮರುಳಾಗಿ ತರಿಸಿದೆ. ಮೂರು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಅವನು ‘ಅಮ್ಮ, ಇನ್ನೊಂದು ಲೈನ್ ಹಾಕೋಣ, ಒಂದು ಸ್ಟೇಷನ್ ಮಾಡೋಣ’ ಅಂದ. ಬೇರೆ ಹಳಿ ತಂದು ಜೋಡಿಸಲು ಹೋದರೆ ಹೊಂದಲಿಲ್ಲ. ಎರಡು ಹಳಿಗಳ ನಡುವೆ ಅಳತೆ ಪಟ್ಟಿ ಇಟ್ಟು ಅಳೆದೆ, 24 ಮಿ.ಮೀ. ಬಂತು. ನಾನು ಹುಡುಕಿದ ಯಾವ ಅಂಗಡಿಯಲ್ಲೂ ಆ ಅಳತೆಗೆ ಹೊಂದುವ ಹಳಿ, ಬೋಗಿ ಸಿಗಲಿಲ್ಲ. ಮಾರಿದವರು ಅಷ್ಟರಲ್ಲಿ ಆ ಸೆಟ್ ಮಾರೋದನ್ನೇ ನಿಲ್ಲಿಸಿದ್ದರು. ಒಂದು ತುಂಡು ಹಳಿ ಮುರಿದರೂ ಇಡೀ ರೈಲು ನಿಂತ ಹಾಗೆ.

ಹಾಗಾಗಿ ಮೊದಲು ಈ ಅಳತೆಗಳನ್ನು ತಿಳ್ಕೊಳ್ಳಿ. ಎರಡು ಹಳಿಗಳ ಒಳಅಂಚಿನಿಂದ ಒಳಅಂಚಿಗೆ ಇರುವ ಅಂತರವೇ ಗೇಜ್. ಪ್ರಪಂಚದಲ್ಲಿ ಹೆಚ್ಚು ನಡೆಯೋದು 16.5 ಮಿ.ಮೀ. ಎಚ್‌ಒ ಅನ್ನುವ 1:87 ಅಳತೆಯ, ಅಂದರೆ ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನಷ್ಟಿರುವ ರೈಲುಗಳು ಇದರ ಮೇಲೆ ಓಡುತ್ತವೆ. ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯವರು ಮಾಡುವುದು ಸ್ವಲ್ಪ ದೊಡ್ಡ ಅಳತೆ, 1:76. ಅದನ್ನು ಡಬಲ್ ಓ ಅಂತಾರೆ. ಆದರೆ ಅದಕ್ಕೂ ಹಳಿ 16.5 ಮಿ.ಮೀ. ಅಂದರೆ ಹಾರ್ನ್‌ಬಿ ಇಂಜಿನ್ ಆಗಲಿ, ಬಾಕ್‌ಮನ್ ಕಂಪನಿಯ ಎಚ್‌ಒ ಇಂಜಿನ್ ಆಗಲಿ, ಒಂದೇ ಹಳಿ ಮೇಲೆ ಓಡುತ್ತೆ. ಹಳಿ ಜೋಡಿಸುವ ತುದಿಗಳು, ಬೋಗಿಯ ಕೊಂಡಿಗಳು ಬೇರೆ ಬೇರೆ ಇರಬಹುದು, ಅವನ್ನು ಸರಿಮಾಡಿಕೊಳ್ಳಬಹುದು. ಇನ್ನು ಎನ್ ಅನ್ನುವ 1:160 ಅಳತೆಗೆ 9 ಮಿ.ಮೀ. ಹಳಿ. ಓ ಅನ್ನುವ ದೊಡ್ಡ ರೈಲುಗಳಿಗೆ 32 ಮಿ.ಮೀ. ಜಪಾನಿನ ಟೋಮಿ ಕಂಪನಿ 1959ರಿಂದ ಮಾರುತ್ತಿರುವ ಪ್ಲಾರೈಲ್ ಅನ್ನುವ ನೀಲಿ ಪ್ಲಾಸ್ಟಿಕ್ ಹಳಿಯದ್ದು 27. ಇವುಗಳಲ್ಲಿ ಒಂದು ಅಳತೆ ಬಂದರೆ ಇವತ್ತು ಕೊಂಡ ರೈಲು ನಾಳೆ ಬೆಳೆಯುತ್ತೆ. ಇಲ್ಲದಿದ್ದರೆ ಡಬ್ಬದಲ್ಲಿ ಏನಿದೆಯೋ ಅಷ್ಟೇ.

ಈಗ ನಿಮ್ಮ ಬಜೆಟ್ಟಿಗೆ ಬರುತ್ತೇನೆ. ನಾನಾಗಿದ್ದರೆ ಕರೆಂಟ್ ಬೇಡದ, ಬ್ಯಾಟರಿ ಸೆಲ್ ಹಾಕುವ ನಮ್ಮ ದೇಶದ ಸೆಟ್‌ನಿಂದಲೇ ಶುರು ಮಾಡುತ್ತಿದ್ದೆ. ಸೆಂಟಿ ಟಾಯ್ಸ್ ಹೆಸರು ಕೇಳಿರಬಹುದು. ಅಂಬಾಸಿಡರ್ ಕಾರು, ಆಟೋ, ಬಸ್ಸಿನ ಚಿಕ್ಕ ಮಾದರಿಗಳನ್ನು ಮಾಡುತ್ತಾರೆ. ನಮ್ಮ ಪ್ಯಾಸೆಂಜರ್ ಗಾಡಿಯ ಹಾಗೇ ಕಾಣುವ ರೈಲು ಸೆಟ್ಟೂ ಅವರದ್ದಿದೆ. ನಿಮ್ಮ ಬಜೆಟ್ಟಿನಲ್ಲಿ ಆರಾಮಾಗಿ ಬರುತ್ತೆ. ಹಳಿ ಪ್ಲಾಸ್ಟಿಕ್‌ದು. ಮಾಡೆಲ್ ರೈಲಿನ ಹವ್ಯಾಸ ಇರುವ ಕೆಲವರು ಇದೇ ಬೋಗಿಗಳಿಗೆ ಲೋಹದ ಚಕ್ರ ಹಾಕಿ, ಬಣ್ಣ ತಿದ್ದಿ, ಎಚ್‌ಒ ಹಳಿ ಮೇಲೆ ಓಡಿಸುತ್ತಾರೆ. ನಾನೂ ಎರಡನೇ ಸಲ ಇದನ್ನೇ ತಂದೆ. ವಿದೇಶಿ ಸ್ಟೀಮ್ ಇಂಜಿನ್ನಿಗಿಂತ ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುವ ಗಾಡಿ ಕಂಡರೆ ಮಗುವಿಗೆ ಎಷ್ಟು ಆಸೆ ಅಂತ ಆಗ ನೋಡಿದೆ.

ಒಂದು ಸೆಟ್ ತಗೋಬೇಡಿ, ಒಂದೇ ಥರದ್ದು ಎರಡು ತಗೊಳ್ಳಿ. ಹಳಿ ಎರಡರಷ್ಟಾಗುತ್ತೆ, ಬೋಗಿಗಳೂ ಎರಡರಷ್ಟಾಗುತ್ತವೆ, ಒಂದು ಇಂಜಿನ್ ಕೆಟ್ಟರೆ ಇನ್ನೊಂದಿರುತ್ತೆ. ಒಂದು ಸೆಟ್‌ನಿಂದ ಬರೀ ಸುತ್ತು ಹೊಡೆಯುವ ರೈಲು ಆಗುತ್ತೆ. ಎರಡು ಸೆಟ್ ಇದ್ದರೆ ಉದ್ದನೆಯ ನೇರ ಲೈನ್ ಬರುತ್ತೆ, ಸ್ಟೇಷನ್ನಿಗೆ ಜಾಗ ಬರುತ್ತೆ. ತಗೊಳ್ಳುವಾಗ ಡಬ್ಬದ ಮೇಲೆ ಐಎಸ್‌ಐ ಗುರುತು ಇದೆಯಾ ನೋಡಿ. ಮಕ್ಕಳ ಆಟಿಕೆಗಳಿಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ಅಂಗಡಿಯಲ್ಲಿ ಕೊಳ್ಳುವುದಾದರೆ ಡಬ್ಬ ತೆರೆದು ತೋರಿಸಿ ಅನ್ನಿ. ಜೇಬಿನಲ್ಲಿ ಒಂದು ಸ್ಕೇಲ್ ಇರಲಿ. ಆನ್‌ಲೈನ್ ಆದರೆ ಕೊಂಡವರು ಹಾಕಿದ ಫೋಟೋ ನೋಡಿ, ಗೇಜ್ ಎಷ್ಟು ಅಂತ ಮಾರುವವರನ್ನೇ ಕೇಳಿ, ವಾಪಸ್ ತಗೊಳ್ಳುತ್ತಾರಾ ಅಂತಲೂ ನೋಡಿಕೊಳ್ಳಿ.

ಬೆಂಗಳೂರಿನ ನಾಗಸಂದ್ರದ ಐಕಿಯಾದಲ್ಲಿ ಲಿಲ್ಲಾಬೊ ಅನ್ನುವ ಮರದ ರೈಲು ಸಿಗುತ್ತೆ. ಚೆನ್ನಾಗಿದೆ, ಆದರೆ ಕೈಯಲ್ಲಿ ತಳ್ಳುವಂಥದ್ದು, ಮೂರು ನಾಲ್ಕು ವರ್ಷದ ಮಕ್ಕಳಿಗೆ ಸರಿ. ಲೆಗೋ ರೈಲು ನಿಮ್ಮ ಬಜೆಟ್ಟಿಗೆ ಬರಲ್ಲ.

ಹಾರ್ನ್‌ಬಿ, ಬಾಕ್‌ಮನ್ ಸೆಟ್‌ಗಳ ಬಗ್ಗೆಯೂ ಕೇಳಿದ್ದೀರಿ. ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಇವು ದೊಡ್ಡ ಅಂಗಡಿಗಳಲ್ಲಿ ಹಬ್ಬದ ಉಡುಗೊರೆ ಅಂತ ಸುಲಭವಾಗಿ ಸಿಗುತ್ತವೆ. ಇಲ್ಲಿಗೆ ಬರುವಾಗ ಬೆಲೆ ಏರುತ್ತೆ. ಆಟಿಕೆಗಳ ಮೇಲಿನ ಆಮದು ಸುಂಕವನ್ನು ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿಸಿತು. ನಮ್ಮ ಆಟಿಕೆ ಮಾಡುವವರಿಗೆ ಅದರಿಂದ ಅನುಕೂಲ ಆಯಿತು, ಒಪ್ಪುತ್ತೇನೆ. ಆದರೆ ಇಂಥ ರೈಲು ಬೇಕು ಅನ್ನುವವರಿಗೆ ಭಾರ ಆಯಿತು. ಇಂಜಿನ್, ಮೂರು ಬೋಗಿ, ಒಂದು ಸುತ್ತು ಹಳಿ ಇರುವ ಸೆಟ್ ಹತ್ತು ಸಾವಿರ ದಾಟುತ್ತೆ. ಮಗಳಿಗೆ ಈ ಹುಚ್ಚು ಒಂದು ವರ್ಷ ಉಳಿಯುತ್ತಾ ನೋಡಿ, ಆಮೇಲೆ ದುಡ್ಡು ಕೂಡಿಸಿ.

ಆ ರೈಲುಗಳು ಓಡುವ ರೀತಿಯೇ ಬೇರೆ. ಇಂಜಿನ್ನಿನಲ್ಲಿ ಸೆಲ್ ಇರಲ್ಲ. ಎರಡು ಹಳಿಗಳೇ ಎರಡು ತಂತಿಗಳು. 12 ವೋಲ್ಟ್ ಡಿಸಿ ಕರೆಂಟ್ ಹಳಿಯಿಂದ ಚಕ್ರಕ್ಕೆ, ಚಕ್ರದಿಂದ ಮೋಟರಿಗೆ ಹೋಗುತ್ತೆ. ಕೈಯಲ್ಲಿರುವ ಕಂಟ್ರೋಲರ್ ತಿರುಗಿಸಿ ವೋಲ್ಟ್ ಕಡಿಮೆ ಮಾಡಿದರೆ ನಿಧಾನ, ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಹಿಂದಕ್ಕೆ. ನೋಡೋಕೆ ಬಹಳ ಚೆಂದ. ಆದರೆ ನಮ್ಮ ಕಡೆ ಧೂಳು ಎಷ್ಟಿರುತ್ತೆ ಅಂತ ನಿಮಗೆ ಗೊತ್ತಲ್ವಾ. ಬಳ್ಳಾರಿಯಲ್ಲಿ ಕಿಟಕಿ ಒಂದು ದಿನ ತೆಗೆದಿಟ್ಟರೆ ಮೇಜಿನ ಮೇಲೆ ಕೆಂಪು ಪದರ ಕೂರುತ್ತೆ. ಆ ಪದರ ಹಳಿ ಮೇಲೆ ಕೂತರೆ ಚಕ್ರಕ್ಕೆ ಕರೆಂಟ್ ಸಿಗಲ್ಲ, ಇಂಜಿನ್ ಎಳೆದೆಳೆದು ನಿಂತುಬಿಡುತ್ತೆ. ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಹಳಿ ಒರೆಸಬೇಕು, ಚಕ್ರಗಳನ್ನೂ ಒರೆಸಬೇಕು. ಉಜ್ಜೋ ಕಾಗದ ಹಾಕಬೇಡಿ, ಗೀರು ಬಿದ್ದ ಕಡೆ ಕೊಳೆ ಇನ್ನೂ ಜಾಸ್ತಿ ಹಿಡಿಯುತ್ತೆ. ಬ್ಯಾಟರಿ ರೈಲಿಗೆ ಈ ತಾಪತ್ರಯ ಇಲ್ಲ. ಕರೆಂಟ್ ಹೋದರೂ ಓಡುತ್ತೆ. ಅದಕ್ಕೇ ಮೊದಲು ಅದು ಅಂದಿದ್ದು.

ಸೆಲ್ ವಿಷಯದಲ್ಲಿ ಒಂದು ಮಾತು. ರೀಚಾರ್ಜ್ ಮಾಡುವ ಸೆಲ್ ತಗೊಳ್ಳಿ. ಮಾಮೂಲಿ ಸೆಲ್ 1.5 ವೋಲ್ಟ್, ಇದು 1.2 ವೋಲ್ಟ್, ಹಾಗಾಗಿ ರೈಲು ಸ್ವಲ್ಪ ನಿಧಾನ ಹೋಗುತ್ತೆ. ಅದು ಒಳ್ಳೆಯದೇ. ಗಂಟೆಗೆ 60 ಕಿ.ಮೀ. ಹೋಗುವ ನಿಜವಾದ ರೈಲನ್ನು 1:87ಕ್ಕೆ ಇಳಿಸಿದರೆ ಸೆಕೆಂಡಿಗೆ 19 ಸೆ.ಮೀ. ಮಾತ್ರ. ಆಟದ ರೈಲುಗಳು ಇದಕ್ಕಿಂತ ಜೋರಾಗಿ ಓಡಿ ತಿರುವಿನಲ್ಲಿ ಬೀಳುತ್ತವೆ. ಮಗಳಿಗೆ ಗಡಿಯಾರ ಕೊಟ್ಟು, ಒಂದು ಮೀಟರ್ ಹಳಿಗೆ ಎಷ್ಟು ಸೆಕೆಂಡ್ ಹಿಡಿಯಿತು ಅಂತ ಎಣಿಸಲು ಹೇಳಿ. ಐದು ಸೆಕೆಂಡ್ ಬಂದರೆ ನಿಮ್ಮೂರಿನ ಪ್ಯಾಸೆಂಜರ್ ಬಂದ ಹಾಗೇ ಕಾಣುತ್ತೆ. ನನ್ನ ಮಗ ಗುಣಾಕಾರ, ಭಾಗಾಕಾರ ಕಲಿತದ್ದರಲ್ಲಿ ಅರ್ಧ ಹೀಗೇ.

ಬೋಗಿ ಗಿಡ್ಡ ಇದೆ ಅಂತ ಬೇಸರ ಮಾಡ್ಕೋಬೇಡಿ. ನಮ್ಮ ಹಳೇ ನೀಲಿ ಬೋಗಿ ಸುಮಾರು 21.3 ಮೀಟರ್ ಉದ್ದ. 1:87ಕ್ಕೆ ಇಳಿಸಿದರೂ ಇಪ್ಪತ್ತನಾಲ್ಕೂವರೆ ಸೆ.ಮೀ. ಆಗುತ್ತೆ. ಅಷ್ಟು ಉದ್ದದ ಬೋಗಿ ಚಿಕ್ಕ ಸುತ್ತಿನಲ್ಲಿ ತಿರುಗಲ್ಲ, ಅದಕ್ಕೇ ಗಿಡ್ಡ ಮಾಡಿರುತ್ತಾರೆ.

ಉಳಿದ ದುಡ್ಡಿನಲ್ಲಿ ಅರ್ಧ ಪ್ಲೈವುಡ್ ತಗೊಳ್ಳಿ. ಇಡೀ ಹಾಳೆ 8 ಅಡಿಗೆ 4 ಅಡಿ ಬರುತ್ತೆ, ಅರ್ಧ ಅಂದರೆ 4ಕ್ಕೆ 4. ಮುಂದೆ 18 ಇಂಚು ತ್ರಿಜ್ಯದ ಎಚ್‌ಒ ಸುತ್ತು ಹಾಕಿದರೂ ಅದರ ಮೇಲೆ ಕೂರುತ್ತೆ. ನೆಲದ ಮೇಲೆ ಹಾಕಿದರೆ ದಿನಾ ಕಸ ಹೊಡೆಯುವಾಗ ಬಿಚ್ಚಬೇಕು, ಬಿಚ್ಚಿ ಜೋಡಿಸಿ ಹಳಿಯ ಕೊಂಡಿ ಮುರಿಯುತ್ತೆ. ಹಲಗೆ ಮೇಲೆ ಇದ್ದರೆ ಹಾಗೇ ಎತ್ತಿ ಮಂಚದ ಕೆಳಗೆ ತಳ್ಳಬಹುದು, ಮೇಲೆ ಒಂದು ಹಳೇ ಸೀರೆ ಮುಚ್ಚಿದರೆ ಧೂಳೂ ಇಲ್ಲ. ಮಹಡಿ ಮೇಲೆ, ತಗಡಿನ ಶೆಡ್ಡಿನಲ್ಲಿ ಮಾತ್ರ ಇಡಬೇಡಿ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲಿಗೆ ಪ್ಲಾಸ್ಟಿಕ್ ಹಳಿ ಸೊಟ್ಟಗಾಗುತ್ತೆ.

ಇನ್ನು ಮಿಕ್ಕಿದ್ದೆಲ್ಲ ಕೊಂಡು ತರುವ ಅಗತ್ಯವೇ ಇಲ್ಲ. ವಿದೇಶದಲ್ಲಿ ಹುಲ್ಲಿನ ಪುಡಿ, ಚಿಕ್ಕ ಜಲ್ಲಿ, ಮರಗಳನ್ನೆಲ್ಲ ಪೊಟ್ಟಣದಲ್ಲಿ ಮಾರುತ್ತಾರೆ. ನಮಗೆ ಕಟ್ಟಿಗೆ ಅಡ್ಡೆಯ ಹೊಟ್ಟಿಗೆ ಹಸಿರು ಬಣ್ಣ ಕಲಸಿ ಒಣಗಿಸಿದರೆ ಭತ್ತದ ಗದ್ದೆ ಆಯಿತು. ನೀವು ಸಿಂಧನೂರಿನವರು, ತುಂಗಭದ್ರಾ ಎಡದಂಡೆ ಕಾಲುವೆ ಇಲ್ಲದೆ ನಿಮ್ಮೂರು ಪೂರ್ತಿ ಆಗುತ್ತಾ? ನೀಲಿ ಬಣ್ಣದ ಪಟ್ಟಿ ಬಳಿದು ಮೇಲೆ ಫೆವಿಕಾಲ್ ಹಚ್ಚಿ ಬಿಡಿ, ಒಣಗಿದರೆ ನೀರಿನ ಹೊಳಪು ಬರುತ್ತೆ. ಜಾಲಿ ಗಿಡದ ಒಣ ಕಡ್ಡಿ ಮರ ಆಗುತ್ತೆ. ನಾವು ಬಳ್ಳಾರಿ ಗುಡ್ಡ ಮಾಡಿದ್ದು ಥರ್ಮಾಕೋಲ್ ಮೇಲೆ ಹೊಲದ ಕಲ್ಲು ಅಂಟಿಸಿ. ಹಳಿ ಪಕ್ಕಕ್ಕೆ ಕ್ರಷರ್‌ನ ಕಲ್ಲು ಪುಡಿ ಜರಡಿ ಹಿಡಿದು ಹಾಕಿದೆವು. ಖಾಲಿ ಬೆಂಕಿಪೊಟ್ಟಣದ ಗೂಡ್ಸ್ ಗಾಡಿಗೆ ಸಂಡೂರಿನ ಕೆಂಪು ಮಣ್ಣು ತುಂಬಿದರೆ ತೋರಣಗಲ್ಲಿಗೆ ಹೋಗುವ ಅದಿರಿನ ಗಾಡಿ ಸಿದ್ಧ.

ಆದರೆ ಒಂದು ಎಚ್ಚರ. ಮಣ್ಣು, ಕಲ್ಲು ಪುಡಿ ಯಾವುದೇ ಹಾಕುವ ಮುಂಚೆ ಒಂದು ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ ಅದರ ಮೇಲೆ ಆಡಿಸಿ. ನಮ್ಮ ಕಡೆ ಮಣ್ಣಿನಲ್ಲಿ ಕಬ್ಬಿಣದ ಕಪ್ಪು ಕಣಗಳು ಇರುತ್ತವೆ. ಮೋಟರಿನೊಳಗೆ ಅಯಸ್ಕಾಂತ ಇರುತ್ತಲ್ವಾ, ಈ ಕಣಗಳು ಹೋಗಿ ಅದಕ್ಕೆ ಅಂಟಿಕೊಂಡರೆ ಮೋಟರ್ ಕೆಡುತ್ತೆ. ಅಂಟುವ ಕಣ ಎಲ್ಲ ತೆಗೆದು, ಉಳಿದದ್ದನ್ನು ಅಂಟು ನೀರು ಹಾಕಿ ಗಟ್ಟಿ ಮಾಡಿ.

ನಮ್ಮ ಹಲಗೆ ಮುಗಿದ ದಿನ ಅಪ್ಪನನ್ನು ಕರೆದು ತೋರಿಸಿದೆವು. ಅಷ್ಟೊತ್ತಿಗೆ ದುಡ್ಡು ಕೂಡಿಸಿ ಒಂದು ಸುತ್ತು ಎಚ್‌ಒ ಹಳಿಯನ್ನೂ ತಂದಿದ್ದೆವು. ಕನ್ನಡಕ ಹಾಕಿಕೊಂಡು, ಬಗ್ಗಿ, ತುಂಬಾ ಹೊತ್ತು ನೋಡಿದರು. ‘ಗೇಜ್ ಕಡಿಮೆ ಇದೆಯಲ್ಲಮ್ಮ’ ಅಂದರು. ಅವರು ಹೇಳಿದ್ದು ನಿಜ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ ಸುಮಾರು 19.3 ಮಿ.ಮೀ. ಬರಬೇಕು. 16.5 ಬರುವುದು ಯುರೋಪು, ಅಮೆರಿಕದ 1435 ಮಿ.ಮೀ. ಹಳಿಗೆ. ಭಾರತದ ರೈಲಿನ ಮಾಡೆಲ್ ಮಾಡುವವರೂ ಸುಲಭವಾಗಿ ಸಿಗುತ್ತೆ ಅಂತ ಅದೇ ಹಳಿಯನ್ನು ಒಪ್ಪಿಕೊಂಡಿದ್ದಾರೆ. ಬರೀ ಕಣ್ಣಳತೆಯಲ್ಲಿ ಆ ಮೂರು ಮಿಲಿಮೀಟರನ್ನು ಅಪ್ಪ ಹಿಡಿದರು. ಆಮೇಲೆ ಮೊಮ್ಮಗನ ಪಕ್ಕ ಕೂತು, ಹಳಿಯ ಜೋಡಣೆಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡಿ, ಎರಡು ಕಡೆ ಸಡಿಲ ಇದ್ದದ್ದನ್ನು ತಾವೇ ಸರಿ ಮಾಡಿಕೊಟ್ಟರು.

ಸೆಟ್ ತಂದ ಮೇಲೆ ಹಳಿ ಅಳೆದು, ಎಷ್ಟು ಮಿ.ಮೀ. ಬಂತು ಅಂತ ಇಲ್ಲೇ ಬರೀರಿ ಸರ್. ಅದಕ್ಕೆ ಮುಂದೆ ಯಾವ ಹಳಿ ಹೊಂದುತ್ತೆ ಅಂತ ಹೇಳುತ್ತೇನೆ. ಮಗಳು ಸ್ಟೇಷನ್ ಬೋರ್ಡ್ ಬರೆದರೆ ಅದರ ಫೋಟೋ ಕೂಡ ಹಾಕಿ.