ಜೋಳ, ಕಡಲೆಯಂಥ ಬೆಳೆಗಳು ಬರ ತಡೆಯುವುದು ಯಾವುದಾದರೂ ಒಂದು ಜೀನ್‌ನಿಂದಲೇ?

ಅಲ್ಲ. 'ಇದೇ ಬರದ ಜೀನ್' ಅಂತ ಬೆರಳಿಟ್ಟು ತೋರಿಸೋಕೆ ಆಗುವುದಿಲ್ಲ. ಬೇರು ಎಷ್ಟು ಆಳಕ್ಕೆ ಇಳಿಯಬೇಕು, ಎಲೆ ಎಷ್ಟು ಅಗಲ ಇರಬೇಕು, ಹೂವು ಯಾವಾಗ ಬರಬೇಕು, ಎಲ್ಲಕ್ಕೂ ಹಲವು ಜೀನ್‌ಗಳು ಸೇರಿ ದುಡಿಯುತ್ತವೆ. ಒಂದೊಂದರ ಪಾಲು ಸಾಮಾನ್ಯವಾಗಿ ಚಿಕ್ಕದು.

ಜೋಳವನ್ನೇ ನೋಡಿ. ಕೆಲವು ತಳಿಗಳಲ್ಲಿ ಕಾಳು ಕಟ್ಟುವ ಹೊತ್ತಿಗೆ ನೀರು ಕಡಿಮೆಯಾದರೂ ಎಲೆ ಬೇಗ ಒಣಗುವುದಿಲ್ಲ, ಹಸಿರಾಗೇ ಇರುತ್ತದೆ. ಇದಕ್ಕೆ 'ಸ್ಟೇ-ಗ್ರೀನ್' ಎನ್ನುತ್ತಾರೆ. ಇದರ ಹಿಂದೆ ಎಸ್‌ಟಿಜಿ1ರಿಂದ ಎಸ್‌ಟಿಜಿ4ರವರೆಗೆ ಜೀನೋಮಿನ (ಗಿಡದ ಒಟ್ಟು ಡಿಎನ್‌ಎ) 4 ಮುಖ್ಯ ಜಾಗಗಳಿವೆ. ಮಜಾ ಏನಂದ್ರೆ, ಅಸಲಿ ಕೆಲಸ ನಡೆಯುವುದು ಹೂ ಬಿಡುವ ಮೊದಲೇ. ಈ ಗಿಡಗಳು ತೆಂಡೆ (ಬುಡದಿಂದ ಬರುವ ಪಕ್ಕದ ಕವಲು) ಕಡಿಮೆ ಒಡೆಯುತ್ತವೆ, ಮೇಲಿನ ಎಲೆಗಳೂ ಚಿಕ್ಕವು. ಹಾಗಾಗಿ ಆಗ ನೀರು ಜಾಸ್ತಿ ಖರ್ಚಾಗುವುದಿಲ್ಲ. ಮಣ್ಣಲ್ಲಿ ಉಳಿದ ಆ ನೀರೇ ಮುಂದೆ ಕಾಳು ತುಂಬಲು ಸಿಗುತ್ತದೆ.

ಕಡಲೆಯ ದಾರಿ ಬೇರೆ. ಐಸಿಸಿ 4958 ತಳಿಯ 4ನೇ ಕ್ರೋಮೋಸೋಮಿನ ಒಂದು ತುಣುಕಿನಲ್ಲಿ ಬೇರು ಮತ್ತು ಬರಕ್ಕೆ ಸಂಬಂಧಿಸಿದ ಹಲವು ಗುಣಗಳು ಗುಂಪಾಗಿ ಕೂತಿವೆ. ಮಾರ್ಕರ್, ಅಂದರೆ ಆ ತುಣುಕನ್ನು ಗುರುತಿಸುವ ಡಿಎನ್‌ಎ ಗುರುತು, ನೋಡಿಕೊಂಡು ಅದನ್ನು ಬೇರೆ ತಳಿಗಳಿಗೂ ಸೇರಿಸಿದ್ದಾರೆ. ಇದು ಕುಲಾಂತರಿ ಅಲ್ಲ, ಕ್ರಾಸ್ ಮಾಡಿಯೇ ತಂದದ್ದು.

ಮಣ್ಣು ಒಣಗುವಾಗ ಗಿಡದಲ್ಲಿ ಎಬಿಎ (ಆಬ್ಸಿಸಿಕ್ ಆಮ್ಲ) ಎಂಬ ಹಾರ್ಮೋನ್ ಹೆಚ್ಚಾಗಿ ಎಲೆಯ ರಂಧ್ರ ಮುಚ್ಚುವುದಂತೂ ಹೆಚ್ಚುಕಡಿಮೆ ಎಲ್ಲ ಬೆಳೆಗಳಲ್ಲೂ ಇದೆ.

ನನ್ನ ಪ್ರಕಾರ ಮೊದಲು ಕೇಳಬೇಕಾದ್ದು, ಬರ ಯಾವಾಗ ಬರುತ್ತದೆ ಅಂತ. ಹಂಗಾಮಿನ ಕೊನೆಯಲ್ಲಾದರೆ ನೀರು ಉಳಿಸುವ ಗುಣ ಬೇಕು. ಮಳೆ ಚೆನ್ನಾಗಿರುವ ವರ್ಷ ಅದೇ ಗುಣ ಇಳುವರಿ ತಗ್ಗಿಸಲೂಬಹುದು.